ವೆನೆಟಾದ ಬಿಸಿಲು, ಕಾರ್ನೆಲ್‌ನ ಹಿಮ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಕ್ ಸಂಗೀತ ತಂಡ ಗ್ರೇಟ್‌ಫುಲ್ ಡೆಡ್‌ನ ಅತ್ಯುತ್ತಮ ಕಛೇರಿ ಯಾವುದೆಂದು ಅಭಿಮಾನಿಗಳನ್ನು ಕೇಳಿದರೆ, ಬಹಳಷ್ಟು ಜನ ಒಂದೇ ದಿನಾಂಕ ಹೇಳುತ್ತಾರೆ: 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ನನ್ನ ಉತ್ತರ ಬೇರೆ. ಏಕೆ ಬೇರೆ ಎಂದು ಹೇಳುವುದಕ್ಕೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ತಂಡ, 1995ರಲ್ಲಿ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ 2,300ಕ್ಕೂ ಹೆಚ್ಚು ಕಛೇರಿಗಳನ್ನು ನೀಡಿತು. ಹಾಡಿನ ಸಾಲುಗಳು ಮುಗಿದ ಮೇಲೆ, ನಾವು ಮನೋಧರ್ಮ ಎನ್ನುತ್ತೇವಲ್ಲ, ಆ ಕ್ಷಣದಲ್ಲೇ ಹುಟ್ಟುವ ವಾದನ, ಅದು ಶುರುವಾಗುತ್ತಿತ್ತು. ಕೇಳುಗರು ಧ್ವನಿಮುದ್ರಿಸಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. 1984ರಲ್ಲಿ ಅವರಿಗೆಂದೇ ಸಭಾಂಗಣದಲ್ಲಿ ಜಾಗ ಬಿಡುವುದೂ ಆರಂಭವಾಯಿತು. ಕೈಯಿಂದ ಕೈಗೆ ದಾಟಿದ ಆ ಕ್ಯಾಸೆಟ್‌ಗಳ ಪುಣ್ಯದಿಂದ, ಒಂದು ಕಛೇರಿಯಲ್ಲೂ ಕುಳಿತಿರದ ನಾನು ಇಂದು ದಿನಾಂಕ ಹಿಡಿದು ವಾದಿಸಬಲ್ಲೆ.

ನನ್ನ ದಿನಾಂಕ 1972ರ ಆಗಸ್ಟ್ 27. ಊರು ಆರೆಗಾನ್ ರಾಜ್ಯದ ವೆನೆಟಾ. ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಸಣ್ಣ ಡೈರಿಗೆ ಹಣದ ಮುಗ್ಗಟ್ಟು; ಅದರ ಸಹಾಯಾರ್ಥ ಈ ಬಯಲು ಕಛೇರಿ. ಟಿಕೆಟ್ ಅಚ್ಚಾದದ್ದು ಅದೇ ಡೈರಿಯ ಮೊಸರಿನ ಲೇಬಲ್‌ಗಳ ಮೇಲೆ! ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಆ ಸುಡುಬಿಸಿಲಿಗೆ ವಾದ್ಯಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಹಾಡುಗಳ ನಡುವೆ ಅವರು ಮತ್ತೆ ಮತ್ತೆ ತಂತಿ ಬಿಗಿದುಕೊಳ್ಳುವುದು ಧ್ವನಿಮುದ್ರಣದಲ್ಲಿ ಕೇಳಿಸುತ್ತದೆ, ನನಗೆ ಅದೂ ಪ್ರಿಯ.

ಅಂದು ಅವರು ‘ಡಾರ್ಕ್ ಸ್ಟಾರ್’ ಎತ್ತಿಕೊಂಡರು. 1968ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಬಂದಾಗ ಆ ಹಾಡು ಮೂರು ನಿಮಿಷವೂ ಇರಲಿಲ್ಲ. ವೆನೆಟಾದಲ್ಲಿ ಅರ್ಧ ಗಂಟೆ ದಾಟಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಂಡದ ಇಬ್ಬರು ಡ್ರಮ್ ವಾದಕರಲ್ಲಿ ಮಿಕ್ಕಿ ಹಾರ್ಟ್ 1971ರಲ್ಲೇ ತಂಡ ಬಿಟ್ಟಿದ್ದರು. ಉಳಿದವರು ಬಿಲ್ ಕ್ರೂಟ್ಜ್‌ಮನ್ ಒಬ್ಬರೇ. ಜೊತೆಯವರಿಗಾಗಿ ಕಾಯಬೇಕಿಲ್ಲದ ಆ ಕೈ ಎಷ್ಟು ಹಗುರವಾಗಿದೆ ಎಂದರೆ, ಗಾರ್ಸಿಯಾ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದರೂ ತಾಳ ಅಲ್ಲಿಗೆ ಮೊದಲೇ ಬಂದು ನಿಂತಿರುತ್ತದೆ. ಫಿಲ್ ಲೆಶ್ ಅವರ ಬಾಸ್ ಗಿಟಾರ್ ಆಧಾರವಾಗಿ ಕೂರದೆ ಗಾರ್ಸಿಯಾರ ಗಿಟಾರಿನೊಡನೆ ಸಂವಾದಕ್ಕಿಳಿಯುತ್ತದೆ. ಕೊನೆಗೆ ಲಯ ಕರಗಿ, ಬರೀ ನಾದ ಉಳಿದು, ಇನ್ನು ದಡ ಸೇರುವುದಿಲ್ಲ ಎನ್ನಿಸುವ ಹೊತ್ತಿಗೆ ‘ಎಲ್ ಪಾಸೋ’ ಎಂಬ ಕೌಬಾಯ್ ಲಾವಣಿ ಶುರುವಾಗುತ್ತದೆ. ಆ ಇಳಿಯುವಿಕೆಯಲ್ಲಿ ನನಗೆ ಪ್ರತಿ ಸಲವೂ ಕಣ್ಣು ತುಂಬಿಬರುತ್ತದೆ.

ಉಸ್ತಾದ್ ಅಲ್ಲಾ ರಖಾ ಅವರಿಂದ ನಮ್ಮ ತಾಳಗಳ ಲೆಕ್ಕ ಕಲಿತಿದ್ದ ಹಾರ್ಟ್ 1974ರಲ್ಲಿ ಮರಳಿದರು. ಕಾರ್ನೆಲ್‌ನಲ್ಲಿ ನುಡಿಸಿದ್ದು ಆ ಇಬ್ಬರು ಡ್ರಮ್ ವಾದಕರ ತಂಡ. ‘ಸ್ಕಾರ್ಲೆಟ್ ಬಿಗೋನಿಯಾಸ್’ನಿಂದ ‘ಫೈರ್ ಆನ್ ದ ಮೌಂಟನ್’ಗೆ ದಾಟುವ ಜಾಗ ಎಷ್ಟು ನಯವೆಂದರೆ, ಗಡಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾಗದು. ಆ ಎರಡನೆಯ ಹಾಡಿನಲ್ಲಿರುವುದು ಎರಡೇ ಸ್ವರಮೇಳ (ಕಾರ್ಡ್). ಅಷ್ಟರಲ್ಲೇ ಗಾರ್ಸಿಯಾ ಒಂದು ಲೋಕ ಕಟ್ಟುತ್ತಾರೆ. ಹೊರಗೆ, ಮೇ ತಿಂಗಳಲ್ಲಿ, ಹಿಮ ಬಿದ್ದಿತ್ತು.

ಕಾರ್ನೆಲ್‌ನ ಕೀರ್ತಿಯಲ್ಲಿ ದೊಡ್ಡ ಪಾಲು ಅದನ್ನು ಅಷ್ಟು ಸ್ವಚ್ಛವಾಗಿ ಧ್ವನಿಮುದ್ರಿಸಿದ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರದು. ಅವರ ಟೇಪುಗಳ ರಾಶಿ, ಗೋದಾಮಿನ ಬಾಡಿಗೆ ಕಟ್ಟಲಾಗದೆ, 1986ರಲ್ಲಿ ಹರಾಜಿಗೆ ಹೋಯಿತು. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯ ಈ ಕಛೇರಿಯನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. 2017ರಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾಯಿತು. ಅಂದಿನ ‘ಮಾರ್ನಿಂಗ್ ಡ್ಯೂ’ ಹಾಡಿಗೆ ಸಮನಾದದ್ದು ವೆನೆಟಾದಲ್ಲಿಲ್ಲ ಎಂದು ಒಪ್ಪುತ್ತೇನೆ. ಅಣುಯುದ್ಧದ ನಂತರ ಉಳಿದ ಇಬ್ಬರ ಮಾತು ಅದು. ಪಿಸುಮಾತಿನಂತೆ ಆರಂಭವಾಗಿ, ಕೊನೆಗೆ ಗಾರ್ಸಿಯಾ ತಂತಿಗಳನ್ನೆಲ್ಲ ಒಟ್ಟಿಗೆ ಮೀಟುತ್ತ ಮೇಲೇರುವಾಗ ಉಸಿರು ಬಿಗಿಯುತ್ತದೆ.

ಆದರೂ ಕಾರ್ನೆಲ್‌ನಲ್ಲಿ ತಂಡಕ್ಕೆ ದಾರಿ ಗೊತ್ತಿದೆ. ವೆನೆಟಾದಲ್ಲಿ ಗೊತ್ತಿಲ್ಲ, ಹಾಗಿದ್ದೂ ನಡೆಯುತ್ತಾರೆ. ನನಗೆ ಬೇಕಾದದ್ದು ಆ ನಡಿಗೆ.

ಈಗ ವೆನೆಟಾದ ‘ಡಾರ್ಕ್ ಸ್ಟಾರ್’ ಹಾಕುತ್ತೇನೆ. ಡ್ರಮ್ಮಿನ ಮೇಲೆ ಕಿವಿಯಿಡಿ. ಅರ್ಧ ಗಂಟೆ ಹಿಡಿಯುತ್ತದೆ, ಪೂರ್ತಿ ಕೇಳೋಣ.