ಮೇಜಿಲ್ಲದ ವೇದಿಕೆಯಲ್ಲಿ ವಿಜ್ಞಾನ ಬೇಡ

ಅಧ್ಯಕ್ಷರೆ, ತಾಲ್ಲೂಕುಗಳಿಂದ ಬಂದಿರುವ ವಿಜ್ಞಾನ ಸಮಿತಿಗಳ ಗೆಳೆಯರೆ,

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಹತ್ತಿರ ಬಂತು. ಇನ್ನು ಊರೂರಲ್ಲೂ ಫ್ಲೆಕ್ಸ್ ಏಳುತ್ತವೆ, ಪೇಟ ಸುತ್ತಿದ ಸಿ.ವಿ. ರಾಮನ್ ಅವರ ಫೋಟೋಗೆ ಹಾರ ಬೀಳುತ್ತದೆ. ಅತಿಥಿಗಳು ಮೈಕ್ ಹಿಡಿದು, ಅವರು ತಿರುಚಿರಾಪಳ್ಳಿಯಲ್ಲಿ ಹುಟ್ಟಿದ್ದು, 1930ರಲ್ಲಿ ನೊಬೆಲ್ ಬಂದದ್ದು ಎಲ್ಲವನ್ನೂ ಹೇಳಿ ಕೂರುತ್ತಾರೆ. ವಂದನಾರ್ಪಣೆ, ಚಹಾ, ಮುಗಿಯಿತು. ಸಂಜೆಯಿಡೀ ಬೆಳಕಿನ ಬಗ್ಗೆ ಮಾತಾಡಿರುತ್ತಾರೆ, ಆದರೆ ಒಂದೇ ಒಂದು ಕಿರಣವನ್ನೂ ಯಾರಿಗೂ ತೋರಿಸಿರುವುದಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಸಾರ್ವಜನಿಕ ವಿಜ್ಞಾನ ಉಪನ್ಯಾಸಕ್ಕೆ ಮೊದಲು ಬೇಕಾದದ್ದು ಮೇಜು. ಭಾಷಣಕಾರರು ಆಮೇಲೆ. ಮೇಜಿನ ಮೇಲೆ ಏನು ಇಡುತ್ತೀರಿ ಅನ್ನುವುದು ತೀರ್ಮಾನ ಆಗುವತನಕ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡಬೇಡಿ.

ರಾಮನ್ ಅವರ ವಿಷಯದಲ್ಲಿ ನಮ್ಮ ಸಮಿತಿಗಳು ಮರೆಯುವ ಒಂದು ಸಂಗತಿ ಇದೆ. ಕಲ್ಕತ್ತದಲ್ಲಿ ಫೆಬ್ರವರಿ 28ರಂದು ಪಾದರಸದ ದೀಪ ಹಚ್ಚಿ, ಚದುರಿದ ಬೆಳಕಿನ ವರ್ಣಪಟಲದಲ್ಲಿ ಆ ಹೊಸ ಗೆರೆಗಳನ್ನು ಕಂಡರಲ್ಲ, ಅದನ್ನು ವಿವರವಾಗಿ ಸಭೆಯ ಮುಂದಿಟ್ಟದ್ದು ಎಲ್ಲಿ? ನಮ್ಮ ಬೆಂಗಳೂರಿನಲ್ಲಿ. 1928ರ ಮಾರ್ಚ್ 16, ಶುಕ್ರವಾರ, ಸೆಂಟ್ರಲ್ ಕಾಲೇಜು. ಕರೆದದ್ದು ಆಗತಾನೇ ಕಣ್ಣುಬಿಡುತ್ತಿದ್ದ ದಕ್ಷಿಣ ಭಾರತ ವಿಜ್ಞಾನ ಸಂಘ. ಅದರ ಉದ್ಘಾಟನಾ ಉಪನ್ಯಾಸ ಅದು, ವಿಷಯ ‘ಒಂದು ಹೊಸ ವಿಕಿರಣ’. ಒಂದು ಸ್ಥಳೀಯ ಸಂಘ, ಒಂದು ಕಾಲೇಜಿನ ಹಾಲು. ನಿಮ್ಮ ಸಮಿತಿ ಚಿಕ್ಕದು ಅಂತ ಯಾರಾದರೂ ಮೂಗು ಮುರಿದರೆ ಈ ತಾರೀಖನ್ನು ಅವರ ಮುಂದಿಡಿ.

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. ರಾಮನ್ ಕೆಲಸ ಮಾಡುತ್ತಿದ್ದ ಕಲ್ಕತ್ತದ ಬೌಬಜಾರಿನ ಸಂಸ್ಥೆಯನ್ನು ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದರು. ಜನರಿಗೆ ವಿಜ್ಞಾನ ತಿಳಿಸಬೇಕು ಅನ್ನುವ ಹಟ ಅವರದು. ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಲಾಫೋಂ ಅಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತ ಉಪನ್ಯಾಸ ಕೊಡುತ್ತಿದ್ದರು. 1907ರಲ್ಲಿ ಹಣಕಾಸು ಇಲಾಖೆಯ ಯುವ ಅಧಿಕಾರಿಯೊಬ್ಬರು ಟ್ರ್ಯಾಮಿನಲ್ಲಿ ಹೋಗುವಾಗ ಸಂಸ್ಥೆಯ ಬೋರ್ಡು ಕಂಡು ಇಳಿದು ಬಾಗಿಲು ತಟ್ಟಿದರು. ಬಾಗಿಲು ತೆಗೆದವರು ಆಶುಬಾಬು, ಅಂದರೆ ಸಂಸ್ಥೆಯ ಸಹಾಯಕ ಆಶುತೋಷ್ ಡೇ. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ರಾಮನ್ ಅಲ್ಲೇ. ಜನೋಪನ್ಯಾಸಕ್ಕೆಂದು ಕಟ್ಟಿದ ಮನೆ ಹೀಗೆ, ಅವರು ಬಂದ ಇಪ್ಪತ್ತೊಂದು ವರ್ಷದಲ್ಲಿ, ನೊಬೆಲ್ ಪ್ರಯೋಗದ ಮನೆಯಾಯಿತು. ಬೋರ್ಡು ರಸ್ತೆಗೆ ಕಾಣುವ ಹಾಗೆ ಹಾಕಿ ಅಂತ ಕಾರ್ಯದರ್ಶಿಗಳಿಗೆ ಸುಮ್ಮನೆ ಹೇಳುವುದಿಲ್ಲ ನಾವು! (ನಗು)

ಪಾದರಸದ ದೀಪಕ್ಕೂ ಮೊದಲು ಆ ಪ್ರಯೋಗದ ಸಲಕರಣೆ ಏನು? ಸೂರ್ಯನ ಬೆಳಕು. ಅದನ್ನು ಒಟ್ಟುಗೂಡಿಸಲು 18 ಸೆಂಟಿಮೀಟರ್ ಅಗಲ, 230 ಸೆಂಟಿಮೀಟರ್ ನಾಭಿದೂರದ ಟೆಲಿಸ್ಕೋಪಿನ ಮಸೂರ, ಅದರ ಮುಂದೆ 5 ಸೆಂಟಿಮೀಟರ್ ನಾಭಿದೂರದ ಇನ್ನೊಂದು ಮಸೂರ. ಶುದ್ಧ ಮಾಡಿದ ದ್ರವ. ಬೆಳಕು ಒಳಹೋಗುವ ಕಡೆ ನೀಲಿ-ನೇರಳೆ ಫಿಲ್ಟರು, ನೋಡುವ ಕಡೆ ಆ ಬಣ್ಣವನ್ನು ಪೂರ್ತಿ ತಡೆಯುವ ಇನ್ನೊಂದು ಫಿಲ್ಟರು. ಎರಡೂ ಸೇರಿದರೆ ಕತ್ತಲೆ ಆಗಬೇಕಿತ್ತು. ಆಗಲಿಲ್ಲ. ದ್ರವದಲ್ಲಿ ಬೆಳಕಿನ ಹಾದಿ ಮಸುಕಾಗಿ ಕಾಣುತ್ತಲೇ ಇತ್ತು. ಚದುರಿದ ಬೆಳಕಿನ ಒಂದು ಪಾಲು ಬಣ್ಣ ಬದಲಿಸಿತ್ತು, ಅದೇ ರಾಮನ್ ಪರಿಣಾಮ. ಕೆ.ಎಸ್. ಕೃಷ್ಣನ್ ಅವರೊಡನೆ ಸೇರಿ ಸುಮಾರು ಅರವತ್ತು ದ್ರವಗಳಲ್ಲಿ ಇದನ್ನು ನೋಡಿದರು, ಅದೂ ಬರಿಗಣ್ಣಿನಲ್ಲಿ.

ಈಗ ನಿಮ್ಮ ಮೇಜಿಗೆ ಬರೋಣ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ರಾಮನ್ ಪರಿಣಾಮವನ್ನು ಹಾಲಿನಲ್ಲಿ ಕೂತ ಇನ್ನೂರು ಜನರಿಗೆ ತೋರಿಸಲು ಆಗುವುದಿಲ್ಲ, ಅದು ಅಷ್ಟು ಕ್ಷೀಣ. ಕೆಲವು ಕಡೆ ಅರಿಸಿನದ ನೀರಿನ ಮೇಲೆ ನೇರಳೆ ಟಾರ್ಚು ಬಿಟ್ಟು "ಇದೇ ರಾಮನ್ ಪರಿಣಾಮ" ಅನ್ನುತ್ತಾರೆ. ತಪ್ಪು. ಅದು ಪ್ರತಿದೀಪ್ತಿ, ಅಂದರೆ ವಸ್ತು ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊರಬಿಡುವುದು. ರಾಮನ್ ಅವರಿಗೂ ಮೊದಲು ಇದೇ ಅನುಮಾನ ಕಾಡಿತ್ತು. ತಾವು ಕಂಡ ಬೆಳಕು ಚೆನ್ನಾಗಿ ಧ್ರುವೀಕರಣಗೊಂಡಿದೆ, ಅಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿದೆ, ಪ್ರತಿದೀಪ್ತಿಯಲ್ಲಿ ಹಾಗಿರುವುದಿಲ್ಲ ಅನ್ನುವುದು ಅವರ ದೊಡ್ಡ ಆಧಾರ. ಹಾಗಾಗಿ ಪ್ರತಿದೀಪ್ತಿಯನ್ನೂ ತೋರಿಸಿ, ಧ್ರುವೀಕರಣವನ್ನೂ ತೋರಿಸಿ, ಆಮೇಲೆ ರಾಮನ್ ಎರಡನ್ನೂ ಹೇಗೆ ಬೇರ್ಪಡಿಸಿದರು ಅಂತ ಹೇಳಿ. ಅದೇ ಉಪನ್ಯಾಸ.

ಮೊದಲನೆಯದು ಗಾಜಿನ ತೊಟ್ಟಿ, ಧ್ರುವೀಕರಣ ತೋರಿಸಲು. ಮೀನು ಸಾಕುವ ತೊಟ್ಟಿ ಸಾಕು, ಉದ್ದ ಎರಡು ಅಡಿ ಇರಲಿ. 60 ಸೆಂಟಿಮೀಟರ್ ಉದ್ದ, 20 ಅಗಲದ ತೊಟ್ಟಿಗೆ 15 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದರೆ 18 ಲೀಟರ್. ಗಾಜಿನದೂ ಸೇರಿ ಎತ್ತಲಾರದ ಭಾರ, ಜಾಗದಲ್ಲಿಟ್ಟ ಮೇಲೆಯೇ ತುಂಬಿ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ತುಂಬಬೇಕು. ಇಲ್ಲದಿದ್ದರೆ ನಲ್ಲಿ ನೀರಿನ ಗುಳ್ಳೆಗಳು ಗಾಜಿಗೆ ಅಂಟಿಕೊಂಡು ಹೊಳೆಯುತ್ತವೆ, ಜನ ಗುಳ್ಳೆಗಳನ್ನೇ ನೋಡುತ್ತಾರೆ. ಹಿಂದಕ್ಕೆ ಕಪ್ಪು ಕಾರ್ಡ್‌ಬೋರ್ಡ್ ನಿಲ್ಲಿಸಿ.

ಬೆಳಕಿಗೆ ಎಲ್‌ಇಡಿ ಟಾರ್ಚು ಬೇಡ. ಅದರ ಬಿಳುಪಿನಲ್ಲೇ ನೀಲಿ ಹೆಚ್ಚು, ಕೆಂಪು ಕಡಿಮೆ. ತೊಟ್ಟಿಯ ಆಚೆ ತುದಿಯಲ್ಲಿ ಬರಬೇಕಾದ ಕಿತ್ತಳೆ ಬಣ್ಣ ಸರಿಯಾಗಿ ಬರುವುದಿಲ್ಲ. ಬೈಕಿನ ಹೆಡ್‌ಲೈಟಿನ 12 ವೋಲ್ಟ್, 35 ವಾಟ್ ಹ್ಯಾಲೊಜೆನ್ ಬಲ್ಬು ತನ್ನಿ, ಬೈಕಿನ ಬ್ಯಾಟರಿಗೇ ಕೊಡಿ. ಕರೆಂಟು ಹೋದರೂ ಪ್ರಯೋಗ ನಿಲ್ಲುವುದಿಲ್ಲ. ಆ ಹೊತ್ತಿಗೆ ಕರೆಂಟು ಹೋಗಲಿ ಅಂತಲೇ ಬೇಡಿಕೊಳ್ಳಬಹುದು, ಹಾಲು ತಾನೇ ಕತ್ತಲಾಗುತ್ತದೆ. (ನಗು) ಬಲ್ಬಿನ ಮುಂದೆ ಹತ್ತು ಸೆಂಟಿಮೀಟರ್ ನಾಭಿದೂರದ ಭೂತಗನ್ನಡಿ, ಬಲ್ಬಿನ ತಂತಿಯಿಂದ ಸರಿಯಾಗಿ ಹತ್ತು ಸೆಂಟಿಮೀಟರಿನಲ್ಲಿ. ಅದರ ಮುಂದೆ ನಾಲ್ಕಾಣೆ ನಾಣ್ಯದಷ್ಟು ತೂತಿರುವ ರಟ್ಟು. ಕಿರಣ ಸಮಾಂತರವಾಗಿ ತೊಟ್ಟಿಯ ಉದ್ದಕ್ಕೂ ಹರಿಯುತ್ತದೆ. ಬಲ್ಬು ವಿಪರೀತ ಬಿಸಿಯಾಗುತ್ತದೆ, ರಟ್ಟು ತಾಗಿಸಬೇಡಿ.

ಈಗ ಹಾಲು, ಅಂದರೆ ಕುಡಿಯುವ ಹಾಲು. ನಂದಿನಿಯ ನೀಲಿ ಪ್ಯಾಕೆಟ್ಟನ್ನು ಕಾಯಿಸಿ, ಆರಿಸಿ, ಕೆನೆ ತೆಗೆದು ತನ್ನಿ. ಕೊಬ್ಬಿನ ಗುಂಡುಗಳು ದೊಡ್ಡವಾದರೆ ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ, ನೀಲಿ ಏಳುವುದಿಲ್ಲ, ಬರೀ ಬಿಳಿ. ಐದು ಮಿಲಿಲೀಟರ್ ಚಮಚದಲ್ಲಿ ಒಂದು ಹಾಕಿ, ಕಲಕಿ, ಅರ್ಧ ನಿಮಿಷ ಬಿಡಿ. ಸಾಮಾನ್ಯವಾಗಿ ಮೂರರಿಂದ ಆರು ಚಮಚದೊಳಗೆ ಪಕ್ಕದಿಂದ ನೋಡುವವರಿಗೆ ಕಿರಣ ನೀಲಿಯಾಗುತ್ತದೆ, ತುದಿಯಲ್ಲಿ ಹಿಡಿದ ಬಿಳಿ ಹಾಳೆಯ ಮೇಲೆ ಸಂಜೆ ಸೂರ್ಯನ ಬಣ್ಣ ಬೀಳುತ್ತದೆ. ಉತ್ಸಾಹದಲ್ಲಿ ಲೋಟವನ್ನೇ ಸುರಿದವರುಂಟು. ಹಾಗೆ ಮಾಡಿದರೆ ಹದಿನೆಂಟು ಲೀಟರ್ ಚೆಲ್ಲುವುದೊಂದೇ ದಾರಿ, ಹಾಕಿದ ಹಾಲನ್ನು ತೆಗೆಯಲಾಗುವುದಿಲ್ಲ. ಒಂದೊಂದೇ ಚಮಚ, ಮತ್ತು ಪ್ರತಿ ಚಮಚಕ್ಕೂ "ಈಗೇನು ಕಾಣುತ್ತಿದೆ?" ಅಂತ ಸಭೆಯನ್ನೇ ಕೇಳಿ.

ಇಷ್ಟಕ್ಕೇ ನಿಲ್ಲಿಸಬೇಡಿ, ಮುಖ್ಯವಾದದ್ದು ಬಾಕಿ ಇದೆ. ರಟ್ಟಿನ ತೂತಿಗೆ, ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಒಳಬಿಡುವ ಪೋಲರಾಯ್ಡ್ ಹಾಳೆ ಹಿಡಿದು ನಿಧಾನ ತಿರುಗಿಸಿ. ಮುಂದೆ ಕೂತವರಿಗೆ ತೊಟ್ಟಿಯ ಕಿರಣ ಒಮ್ಮೆ ಬೆಳಗುತ್ತದೆ, ಕಾಲು ಸುತ್ತು ತಿರುಗಿಸಿದರೆ ಮಂಕಾಗುತ್ತದೆ. ಮಂಕಾದಾಗ ಒಬ್ಬ ಹುಡುಗಿಯನ್ನು ಕರೆದು ಮೇಲಿನಿಂದ ಬಗ್ಗಿ ನೋಡಲು ಹೇಳಿ. ಅವಳಿಗೆ ಅದೇ ಕಿರಣ ಜೋರಾಗಿ ಕಾಣುತ್ತದೆ. ಚದುರಿದ ಬೆಳಕಿಗೆ ದಿಕ್ಕಿನ ಗುರುತು ಇರುತ್ತದೆ ಅನ್ನುವುದನ್ನು ಇನ್ನು ನೀವು ವಿವರಿಸಬೇಕಾಗಿಲ್ಲ. ಹಾಳೆ ಸಿಗದಿದ್ದರೆ ಪೋಲರಾಯ್ಡ್ ತಂಪುಕನ್ನಡಕದ ಒಂದು ಗಾಜು ಸಾಕು.

ಎರಡನೆಯದು ಪಾಲಕ್, ಪ್ರತಿದೀಪ್ತಿ ತೋರಿಸಲು. ಒಂದು ಹಿಡಿ ಎಲೆ ಜಜ್ಜಿ, ನೂರು ಮಿಲಿಲೀಟರ್ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಕಾಲು ಗಂಟೆ ನೆನೆಸಿ, ಬಟ್ಟೆಯಲ್ಲಿ ಸೋಸಿ. ನೀರಿನಲ್ಲಿ ಪತ್ರಹರಿತ್ತು, ಅಂದರೆ ಎಲೆಯ ಹಸಿರು, ಕರಗುವುದಿಲ್ಲ, ಸ್ಪಿರಿಟ್ಟೇ ಬೇಕು. ಅಂಗಡಿಯವರು ಖೋಟಾ ನೋಟು ನೋಡುತ್ತಾರಲ್ಲ, ಆ ಟಾರ್ಚು ಬಿಟ್ಟರೆ ಹಸಿರು ದ್ರವ ರಕ್ತಗೆಂಪಾಗಿ ಬೆಳಗುತ್ತದೆ. ತೀರಾ ದಟ್ಟವಾಗಿದ್ದರೆ ಅಂಚು ಮಾತ್ರ ಕೆಂಪು, ಇನ್ನಷ್ಟು ಸ್ಪಿರಿಟ್ ಸೇರಿಸಿ ತಿಳಿ ಮಾಡಿ. ಅವತ್ತಿನದು ಅವತ್ತೇ ತಯಾರಿಸಿ ಕತ್ತಲಲ್ಲಿಡಿ, ಬೆಳಕಿನಲ್ಲಿಟ್ಟರೆ ಕೆಡುತ್ತದೆ. ನೇರಳೆ ಲೇಸರ್ ಪಾಯಿಂಟರು ಬೇಡವೇ ಬೇಡ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಜೋರಿರುವವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಮಕ್ಕಳ ಕಣ್ಣಿನ ವಿಷಯ.

ಅಂದಹಾಗೆ, ಸ್ಪಿರಿಟ್ಟು ಇರುವ ಮೇಜಿನ ಪಕ್ಕದಲ್ಲೇ ನಾವು ಐದು ಬತ್ತಿಯ ದೀಪ ಬೆಳಗಿಸುತ್ತೇವೆ, ಫ್ಯಾನು ಜೋರಾಗಿ ತಿರುಗುತ್ತಿರುತ್ತದೆ. ದೀಪವನ್ನು ವೇದಿಕೆಯ ಇನ್ನೊಂದು ತುದಿಗೆ ಕಳಿಸಿ, ಉದ್ಘಾಟಕರು ಮುನಿಸಿಕೊಂಡರೂ ಪರವಾಗಿಲ್ಲ.

ಈ ಉದ್ಘಾಟನೆಯ ಲೆಕ್ಕವನ್ನೂ ಹೇಳಿಬಿಡಬೇಕು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅಧ್ಯಕ್ಷರ ನುಡಿ. ಉಪನ್ಯಾಸಕರಿಗೆ ಉಳಿಯುವುದು ಇಪ್ಪತ್ತು ನಿಮಿಷ, ಅದರಲ್ಲೂ ಪ್ರೊಜೆಕ್ಟರಿನ ವೈರು ಹುಡುಕಲು ಐದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1826ರಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರುಮಾಡಿದರು. ಅದಕ್ಕೆ ಬಹಳ ಮುಂಚೆ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲೇ, ಉಪನ್ಯಾಸ ಒಂದು ಗಂಟೆ ಮೀರಬಾರದು, ಕೋಣೆಗೆ ಗಾಳಿ ಆಡಬೇಕು ಅಂತೆಲ್ಲ ಗೆಳೆಯನಿಗೆ ಪತ್ರ ಬರೆದಿದ್ದರು. ಮುಂದೆ ತಾವೇ ಮಾತಾಡುವಾಗ ‘ನಿಧಾನ’ ಅಂತ ಬರೆದ ಕಾರ್ಡೊಂದನ್ನು ಎದುರಿಗಿಟ್ಟುಕೊಳ್ಳುತ್ತಿದ್ದರು. ಮರೆತು ಓಡತೊಡಗಿದರೆ ಸಹಾಯಕ ಆ್ಯಂಡರ್ಸನ್ ಅದನ್ನು ಮುಂದೆ ತಂದಿಡುತ್ತಿದ್ದರು. ಗಂಟೆ ಮುಗಿಯುತ್ತ ಬಂದಾಗ ‘ಸಮಯ’ ಅನ್ನುವ ಇನ್ನೊಂದು ಕಾರ್ಡು. ಅಷ್ಟು ದೊಡ್ಡವರಿಗೇ ಕಾರ್ಡು ಬೇಕಾಗಿತ್ತು, ನಮ್ಮ ಅಧ್ಯಕ್ಷರಿಗೆ ಬೇಡವೇ? (ನಗು) ಎಲ್ಲ ಶಿಷ್ಟಾಚಾರವೂ ಸೇರಿ ಹತ್ತು ನಿಮಿಷ ಕೊಡಿ. ಪ್ರಯೋಗ ಮೇಜಿನ ಮೇಲೆ ಸಿದ್ಧವಾಗಿ ಕಾದಿದ್ದರೆ ಮಕ್ಕಳೇ ಕೂಗಿ ಹತ್ತಕ್ಕೆ ಇಳಿಸುತ್ತಾರೆ. ಮೇಜಿಗೆ ಈ ಉಪಯೋಗವೂ ಇದೆ.

ವಾರ ನಿಗದಿಯಾಗಿರಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದಾಗ ಮಾಡಿದ್ದು ಇದನ್ನೇ. ಬುಧವಾರ ಸಂಜೆ ಅಂದರೆ ಉಪನ್ಯಾಸ, ಜುಲೈ ಅಂದರೆ ವಿಜ್ಞಾನ ಉತ್ಸವ. ಜನ ಪತ್ರಿಕೆ ನೋಡಿ ಬರುವುದಲ್ಲ, ಬುಧವಾರ ಅಂತ ಬರುತ್ತಾರೆ. ನಿಮ್ಮ ಊರಿನ ಸಂತೆ ದಿನ ಬಿಟ್ಟು, ತಿಂಗಳಿಗೊಂದಾದರೂ ಒಂದೇ ವಾರ, ಒಂದೇ ಹೊತ್ತು ಹಿಡಿಯಿರಿ.

ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಅಂತ ಆಗಲೇ ಯಾರೋ ಕೇಳಿದರು. ನಿಮ್ಮ ಪಶು ಆಸ್ಪತ್ರೆಯಲ್ಲೇ ವಿಚಾರಿಸಿ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಇಡುವುದು ಅದರಲ್ಲೇ. ಮೈನಸ್ 196 ಡಿಗ್ರಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲ. ಅದಕ್ಕೇ ಕ್ಯಾನಿನ ಮುಚ್ಚಳ ಬಿಗಿಯಾಗಿ ಹಾಕಬಾರದು, ಗಾಜು ಏರಿಸಿದ ಕಾರಿನಲ್ಲಿ ತರಬಾರದು, ಲಿಫ್ಟಿನಲ್ಲಿ ಜನರ ಜೊತೆ ಒಯ್ಯಬಾರದು. ಬಾಟಲಿಗೆ ತುಂಬಿ ಮುಚ್ಚಿದರೆ ಸಿಡಿಯುತ್ತದೆ. ತಿಳಿದವರೊಬ್ಬರು ಮೇಜಿನ ಹತ್ತಿರವೇ ನಿಲ್ಲುವುದಾದರೆ ಮಾತ್ರ ಕೈಹಾಕಿ.

ಚೀಟಿ ಬಂತು, ಐದು ನಿಮಿಷ ಅಂತೆ. ಉಳಿದದ್ದನ್ನು ಓಡಿಸುತ್ತೇನೆ.

ಕರೆಂಟು. ಯಾವುದಾದರೂ ಪ್ರಯೋಗಕ್ಕೆ ಹೀಟರು ಬಳಸುವುದಾದರೆ, 2000 ವಾಟಿನದಕ್ಕೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಬೇಕು. ಸಮುದಾಯ ಭವನದ ಗೋಡೆಯ ಚಿಕ್ಕ ಪ್ಲಗ್ಗು 5-6 ಆಂಪಿಯರಿನದು, ಅದಕ್ಕೆ ಎಕ್ಸ್‌ಟೆನ್ಶನ್ ಸಿಕ್ಕಿಸಿದರೆ ಸುಟ್ಟ ವಾಸನೆ ಬರುತ್ತದೆ. ದೊಡ್ಡ ಪ್ಲಗ್ಗು ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿ ಬನ್ನಿ.

ಮೈಕು. ಸ್ಪೀಕರ್ ಡಬ್ಬಗಳು ಉಪನ್ಯಾಸಕರ ಹಿಂದಿದ್ದರೆ ಕುಂಯ್ ಅನ್ನುತ್ತವೆ, ಮುಂದಕ್ಕೆ ತಂದು ಸಭೆಯ ಕಡೆ ತಿರುಗಿಸಿ. ಕೈಯಲ್ಲಿ ಹಿಡಿಯುವ ಮೈಕು ಕೊಟ್ಟರೆ ಪ್ರಯೋಗ ಮಾಡಲು ಒಂದೇ ಕೈ ಉಳಿಯುತ್ತದೆ. ಕಾಲರ್ ಮೈಕು ಬಾಡಿಗೆಗೆ ತನ್ನಿ.

ಹಿಂದಿನ ಸಾಲು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಜಿನ ಮೇಲಿನಿಂದ ಪ್ರೊಜೆಕ್ಟರಿಗೆ ಕೊಡಿ. ಪ್ರೊಜೆಕ್ಟರಿಗೆ ನನ್ನ ಪ್ರಕಾರ ಇರುವ ನ್ಯಾಯವಾದ ಕೆಲಸ ಇದೊಂದೇ. ತೊಟ್ಟಿಯ ಪ್ರಯೋಗದ ಹೊತ್ತಿಗೆ ಅದನ್ನೂ ಆರಿಸಬೇಕು.

ಪ್ರಶ್ನೆಗಳಿಗೆ ಅರ್ಧ ಗಂಟೆ ಇಡಿ, ಮೊದಲ ಮೂರು ಪ್ರಶ್ನೆ ವಿದ್ಯಾರ್ಥಿಗಳಿಗೆ. ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಉಪನ್ಯಾಸ ಶುರುಮಾಡುವ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಮೈಕನ್ನು ಅವರ ಕೈಗೆ ಕೊಡಬೇಡಿ, ಸ್ವಯಂಸೇವಕರೇ ಹಿಡಿದು ನಿಲ್ಲಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ತಿಂಗಳ ಉಪನ್ಯಾಸದ ಮೊದಲ ಐದು ನಿಮಿಷದಲ್ಲಿ ಉತ್ತರಿಸಿ.

ಖರ್ಚಿನ ಪಟ್ಟಿ, ಅತಿಥಿಗಳ ಪ್ರಯಾಣದ ವ್ಯವಸ್ಥೆ ಇವೆಲ್ಲ ನಿಮಗೆ ಕೊಟ್ಟಿರುವ ಕಡತದಲ್ಲಿವೆ, ಓದಿಕೊಳ್ಳಿ. ಊಟದ ನಂತರ ಹಿಂದಿನ ಕೊಠಡಿಯಲ್ಲಿ ಆರು ತೊಟ್ಟಿಗಳನ್ನಿಟ್ಟಿದ್ದೇವೆ. ಜಿಲ್ಲೆಗೊಂದು ತಂಡ. ಚಮಚಗಳನ್ನು ಎಣಿಸುವವರು ಒಬ್ಬರೇ ಇರಲಿ, ಇಬ್ಬರು ಎಣಿಸಿದರೆ ಲೆಕ್ಕ ತಪ್ಪುತ್ತದೆ.