ಬೆಳಕಿಗೆ ಜೆರಾಕ್ಸ್ ಇಲ್ಲ

[ಕಾರವಾರ, ಟ್ಯಾಗೋರ್ ಬೀಚ್. ಸಂಜೆ ನಾಲ್ಕು ಗಂಟೆ. ನೀರು ಕಣ್ಣು ಕುಕ್ಕುವಂತೆ ಹೊಳೆಯುತ್ತಿದೆ.]

ನಮಸ್ಕಾರ. ಈ ಹೊಳಪಿನಲ್ಲಿ ಕಣ್ಣು ಬಿಡುವುದೇ ಕಷ್ಟ. ಈಗ ಪೋಲರಾಯ್ಡ್ ಕನ್ನಡಕವನ್ನು ಕ್ಯಾಮೆರಾ ಮುಂದೆ ಹಿಡಿಯುತ್ತೇನೆ. ನೋಡಿ, ಹೊಳಪು ಹೋಯಿತು. ಕನ್ನಡಕವನ್ನು ಕಾಲು ಸುತ್ತು ತಿರುಗಿಸಿದೆ. ವಾಪಸ್ ಬಂತು!

ನೀರಿಗೆ ಬಡಿದು ಬರುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಈ ಗಾಜು ಉದ್ದುದ್ದ ಕಂಪಿಸುವುದನ್ನು ಮಾತ್ರ ಬಿಡುತ್ತದೆ. ಅಂದಹಾಗೆ, ನಾನು ಮೊದಲು ತಂದದ್ದು ಪೋಲರಾಯ್ಡ್ ಅಂತ ಹೇಳಿ ಮಾರಿದ ಬರೀ ಕಪ್ಪು ಗಾಜು. ನೀವು ಕೊಳ್ಳುವಾಗ ಹೀಗೇ ತಿರುಗಿಸಿ ನೋಡಿ.

[ಬಿಚ್ಚಿದ ಮೂರು ಗಾಜು, ಹತ್ತಿರದಿಂದ.]

ಒಂದು ನೆಟ್ಟಗೆ, ಅದರ ಮೇಲೆ ಇನ್ನೊಂದು ಅಡ್ಡ. ಪೂರ್ತಿ ಕತ್ತಲೆ. ನಡುವೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸುತ್ತೇನೆ. ಬೆಳಕು ಬಂತು. ತಡೆ ಜಾಸ್ತಿ ಮಾಡಿದರೆ ಬೆಳಕೂ ಜಾಸ್ತಿ, ವಿಚಿತ್ರ ಅಲ್ವಾ?

ನಡುವಿನ ಗಾಜು ಸುಮ್ನೆ ತಪಾಸಣೆ ಮಾಡುವುದಿಲ್ಲ. ಒಂದೊಂದು ಫೋಟಾನ್, ಅಂದರೆ ಬೆಳಕಿನ ಒಂದೊಂದು ಕಣ, ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದ್ದು ಓರೆಯಾಗಿಯೇ ಹೊರಬರುತ್ತದೆ. ಮೊದಲು ಹೇಗಿತ್ತು ಎಂಬ ಗುರುತೇ ಹೋಯಿತು.

ಹಾಗಾದರೆ ಅಳೆಯುವ ಮೊದಲೇ ಒಂದು ಕಾಪಿ ತೆಗೆದಿಟ್ಟುಕೊಂಡರೆ? ಡಿಸಿ ಆಫೀಸಿಗೆ ಹೋಗುವಾಗ ಪಹಣಿಗೆ ಜೆರಾಕ್ಸ್ ಮಾಡಿಸುತ್ತೇವಲ್ಲ, ಹಾಗೆ.

[ಒದ್ದೆ ಮರಳಿನ ಮೇಲೆ ಕಡ್ಡಿಯಿಂದ ಬರೆಯುವುದು.]

ಅಡ್ಡಕ್ಕೆ 'ಅ', ಉದ್ದಕ್ಕೆ 'ಉ'. ಓರೆ ಅಂದರೆ ಅ + ಉ. (ರೂಟ್ 2 ಬಿಟ್ಟಿದ್ದೇನೆ, ಮೇಷ್ಟ್ರುಗಳು ಕ್ಷಮಿಸಿ.) ಜೆರಾಕ್ಸ್ ಯಂತ್ರ ಇದೆ ಅಂತಲೇ ಇಟ್ಟುಕೊಳ್ಳಿ. 'ಅ' ಹಾಕಿದರೆ ಅಅ, 'ಉ' ಹಾಕಿದರೆ ಉಉ. ಕ್ವಾಂಟಂ ನಿಯಮದಲ್ಲಿ, ಕೂಡಿಸಿ ಹಾಕಿದರೆ ಬೇರೆ ಬೇರೆ ಹಾಕಿದ್ದರ ಮೊತ್ತವೇ ಬರಬೇಕು. ಅಂದರೆ ಓರೆಗೆ ಸಿಗುವುದು ಅಅ + ಉಉ. ಆದರೆ ನಿಜವಾದ ಕಾಪಿ ಎಂದರೆ (ಅ + ಉ)(ಅ + ಉ). ಬಿಡಿಸಿ: ಅಅ + ಅಉ + ಉಅ + ಉಉ. ನಡುವಿನ ಎರಡು ಎಲ್ಲಿ? ಎ ಪ್ಲಸ್ ಬಿ ಹೋಲ್ ಸ್ಕ್ವೇರ್‌ನಲ್ಲಿ ಟೂ ಎಬಿ ಮರೆತು ಪೆಟ್ಟು ತಿಂದವರಿಗೆ ಇದು ಚೆನ್ನಾಗಿ ಗೊತ್ತು. ಅಂಥ ಯಂತ್ರ ಇರಲು ಸಾಧ್ಯವೇ ಇಲ್ಲ.

ಇದನ್ನು 1982ರಲ್ಲಿ ಭೌತವಿಜ್ಞಾನಿಗಳಾದ ವೂಟರ್ಸ್ ಮತ್ತು ಜುರೆಕ್ ಒಟ್ಟಾಗಿ, ಡೀಕ್ಸ್ ಬೇರೆಯಾಗಿ ಪ್ರಕಟಿಸಿದರು. ಹಿನ್ನೆಲೆ ಮಜವಾಗಿದೆ. ಫೋಟಾನನ್ನು ಕಾಪಿ ಮಾಡಿ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಬಹುದು ಎಂದು ನಿಕ್ ಹರ್ಬರ್ಟ್ ಒಂದು ಲೇಖನ ಬರೆದಿದ್ದರು. ಅದನ್ನು ಪರಿಶೀಲಿಸಿದ ಆಶರ್ ಪೆರೆಸ್ ಅವರಿಗೆ ಅದು ತಪ್ಪು ಅಂತ ಗೊತ್ತಿತ್ತು. ಆದರೂ ಅಚ್ಚಾಗಲಿ ಎಂದರು. ತಪ್ಪು ಹುಡುಕುವಾಗ ಹೊಸದೇನೋ ಸಿಗುತ್ತದೆ ಎಂಬ ಲೆಕ್ಕಾಚಾರ. ಸಿಕ್ಕಿತು ಕೂಡ.

ಇನ್ನೊಂದು ಸಮುದ್ರದ ಕಥೆ. 1979ರಲ್ಲಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಲ್ ಬ್ರಸಾರ್ಡ್ ಈಜುತ್ತಿದ್ದರು. ಅಪರಿಚಿತರೊಬ್ಬರು ಈಜಿಕೊಂಡು ಹತ್ತಿರ ಬಂದು, ನಕಲು ಮಾಡಲಾಗದ ನೋಟಿನ ವಿಷಯ ತೆಗೆದರು. ಸ್ಟೀಫನ್ ವೀಸ್ನರ್ ಅವರ ಐಡಿಯಾ ಅದು. ಬಂದವರು ಚಾರ್ಲ್ಸ್ ಬೆನೆಟ್. ಐದು ವರ್ಷದ ನಂತರ ಇಬ್ಬರೂ ಸೇರಿ ಬರೆದ ಗುಪ್ತ ಕೀಲಿಯ (ಸಂದೇಶಕ್ಕೆ ಬೀಗ ಹಾಕುವ ರಹಸ್ಯ ಸಂಖ್ಯೆಯ) ಪ್ರಬಂಧ ಮಂಡನೆಯಾದದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ, 1984ರ ಡಿಸೆಂಬರ್‌ನಲ್ಲಿ.

ಅದು ಇಷ್ಟೇ. ಕಳಿಸುವವರು ಪ್ರತಿ ಫೋಟಾನನ್ನು ಅಡ್ಡ-ಉದ್ದದ ಜೋಡಿಯಲ್ಲೋ ಓರೆಗಳ ಜೋಡಿಯಲ್ಲೋ ಕಳಿಸುತ್ತಾರೆ. ಪಡೆಯುವವರೂ ಊಹಿಸಿಯೇ ಅಳೆಯುತ್ತಾರೆ; ಆಮೇಲೆ ಇಬ್ಬರ ಜೋಡಿಯೂ ಒಂದೇ ಆದವುಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನಡುವೆ ಕದ್ದು ನೋಡುವ ಕಳ್ಳನಿಗೆ ಯಾವ ಜೋಡಿ ಅಂತ ಗೊತ್ತಿಲ್ಲ, ಕಾಪಿಯೂ ಆಗದು. ಊಹಿಸಿ ಅಳೆದರೆ ಅರ್ಧ ಸಲ ತಪ್ಪು ಗಾಜು. ಅವನು ಎಲ್ಲವನ್ನೂ ಹೀಗೆ ಅಳೆದು ಮುಂದೆ ಕಳಿಸಿದರೆ, ಕೊನೆಗೆ ಉಳಿದವುಗಳಲ್ಲಿ ಇಬ್ಬರೂ ಹೋಲಿಸುವ ನೂರರಲ್ಲಿ ಸುಮಾರು 25 ತಾಳೆಯಾಗುವುದಿಲ್ಲ. ಆ ಕೀಲಿ ಬಿಸಾಡಿ ಮತ್ತೆ ಶುರು.

ಒಂದು ತೊಂದರೆಯೂ ಇದೆ. ಬೆಳಕು ಹೋಗುವ ಗಾಜಿನ ಎಳೆ, ಅಂದರೆ ಫೈಬರ್, ಉದ್ದವಾದಷ್ಟೂ ಫೋಟಾನ್‌ಗಳು ನಡುವೆಯೇ ಕಳೆದುಹೋಗುತ್ತವೆ. ಇಂಟರ್ನೆಟ್ ಕೇಬಲ್‌ನಂತೆ ದಾರಿಯಲ್ಲಿ ಆಂಪ್ಲಿಫೈಯರ್ ಕೂರಿಸುವಂತಿಲ್ಲ. ಅದೂ ಒಂದು ಜೆರಾಕ್ಸೇ ತಾನೆ?

[ಅಲೆ ಬಂದು ಲೆಕ್ಕವನ್ನು ಅಳಿಸುತ್ತದೆ.]

ಹೋಯ್ತು! ಬೇಕಾದವರು ವಿಡಿಯೋ ಹಿಂದೆ ಎಳೆದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮರಳಿನ ಲೆಕ್ಕಕ್ಕೆ ಕಾಪಿ ಆಗುತ್ತದೆ.