ಹೆಸರು ಲೇಬಲ್‌ನದು, ರುಚಿ ಯೀಸ್ಟ್‌ನದು

ಕೇಳುಗರಿಗೆ ನಮಸ್ಕಾರ. ಬಿಯರ್ ಬಗ್ಗೆ ಮಾತಾಡುವವನು ಅಂತ ಗೊತ್ತಾದರೆ ಸಾಕು, ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಬ್ರ್ಯಾಂಡ್ ಒಳ್ಳೆಯದು? ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಾಲಿಗೆ ನಿಮ್ಮದು. ಆದರೆ ಒಂದು ಬಿಯರ್ ಯಾಕೆ ಹೀಗೆ, ಇನ್ನೊಂದು ಯಾಕೆ ಹಾಗೆ ಅಂತ ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ.

ಬಿಯರ್‌ನಲ್ಲಿ ಮುಖ್ಯವಾಗಿ ಎರಡು ಬಗೆ, ಏಲ್ ಮತ್ತು ಲಾಗರ್. ಇವೆರಡಕ್ಕೂ ಏನು ವ್ಯತ್ಯಾಸ? ಬಣ್ಣ ಅಲ್ಲ, ನಶೆಯೂ ಅಲ್ಲ, ಯೀಸ್ಟ್, ಅಂದರೆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ. ಏಲ್ ಯೀಸ್ಟ್‌ಗೆ ಬೆಚ್ಚಗಿರಬೇಕು, ಸುಮಾರು 15ರಿಂದ 24 ಡಿಗ್ರಿ. ನೊರೆಯ ಜೊತೆ ಮೇಲಕ್ಕೆ ಬರುತ್ತದೆ, ಕೆಲವೇ ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಲಾಗರ್ ಯೀಸ್ಟ್ ಚಳಿಯಲ್ಲೇ ಆರಾಮಾಗಿ ದುಡಿದು ತಳಕ್ಕೆ ಇಳಿಯುತ್ತದೆ. ಆಮೇಲೂ ಬಿಯರನ್ನು ವಾರಗಟ್ಟಲೆ ತಣ್ಣಗೆ ಇಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಅಂದರೆ ಕೂಡಿಡುವುದು ಅಂತಲೇ ಅರ್ಥ.

ಈ ಲಾಗರ್ ಜಗತ್ತನ್ನೇ ಆವರಿಸಿದ ಕಥೆ ಹೇಳಲೇಬೇಕು. ಬೊಹೆಮಿಯಾದ, ಅಂದರೆ ಇಂದಿನ ಚೆಕ್ ನಾಡಿನ, ಪಿಲ್ಸೆನ್ ಊರಿನವರಿಗೆ ತಮ್ಮೂರಿನ ಬಿಯರ್ ಸಾಕಾಗಿ ಹೋಗಿತ್ತು. ಪದೇ ಪದೇ ಕೆಡುತ್ತಿತ್ತು. 1838ರಲ್ಲಿ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ತಂದು ಸುರಿದೇಬಿಟ್ಟರು. ಸುಮ್ನೆ ಬೈದುಕೊಂಡು ಮನೆಗೆ ಹೋಗಲಿಲ್ಲ, ಎಲ್ಲರೂ ಸೇರಿ ಬಿಯರ್ ತಯಾರಿಸುವ ಹೊಸ ಬ್ರೂವರಿ ಕಟ್ಟಿಸಿದರು. ಜರ್ಮನ್ ಸೀಮೆಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಯುವಕನನ್ನು ಕರೆಸಿದರು. ಬಾಯಿ ಬಲು ಒರಟು ಅಂತ ಅವನಿಗೆ ಹೆಸರು. ಕೈ ಮಾತ್ರ ಪಳಗಿದ್ದು. ಬವೇರಿಯಾದ ತಳ ಸೇರುವ ಯೀಸ್ಟ್, ಮೊಳಕೆ ಬರಿಸಿ ಕಪ್ಪಾಗದಂತೆ ಒಣಗಿಸಿದ ಬಾರ್ಲಿ ಅಂದರೆ ತಿಳಿ ಮಾಲ್ಟ್, ಹತ್ತಿರದ ಝಾಟೆಟ್ಸ್ ಸೀಮೆಯ, ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂ, ಜೊತೆಗೆ ಪಿಲ್ಸೆನ್‌ನ ಲವಣ ಕಡಿಮೆಯಿರುವ ತೀರಾ ಮೆದು ನೀರು. 1842ರ ಅಕ್ಟೋಬರ್‌ನಲ್ಲಿ ತಯಾರಿ ಶುರುವಾಯಿತು. ಲೋಟಕ್ಕೆ ಬಿದ್ದಾಗ ಹೊನ್ನಿನ ಬಣ್ಣ, ಆಚೆ ಬದಿ ಕಾಣುವಷ್ಟು ತಿಳಿ! ಪಿಲ್ಸ್ನರ್ ಹುಟ್ಟಿದ್ದು ಹೀಗೆ.

ಆದರೂ ಬಿಯರ್ ಕೆಡುವ ಕಾಟ ಎಲ್ಲ ಕಡೆ ಇದ್ದೇ ಇತ್ತು. ಅದಕ್ಕೆ ಮದ್ದು ಸಿಕ್ಕಿದ್ದು ಕೋಪನ್‌ಹೇಗನ್‌ನಲ್ಲಿ. ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಒಂದು ಯೀಸ್ಟ್ ಕಣವನ್ನು ಬೇರ್ಪಡಿಸಿ, ಅದರಿಂದಲೇ ಶುದ್ಧ ತಳಿ ಬೆಳೆಸಿದ. ಕಾಡು ಯೀಸ್ಟ್ ಸೇರಿಕೊಂಡು ರುಚಿ ಕೆಡಿಸುವುದು ಇದರಿಂದ ತಪ್ಪಿತು. ಇನ್ನೂ ದೊಡ್ಡ ಮಾತೆಂದರೆ, ಆ ಯೀಸ್ಟನ್ನು ಕಂಪನಿ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಬೇರೆ ಬ್ರೂವರಿಗಳಿಗೂ ಪುಕ್ಕಟೆ ಕೊಟ್ಟಿತು. ಇವತ್ತು ಯಾರಾದರೂ ಕೊಡುತ್ತಾರಾ?

ಬಡ್ವೈಸರ್ ಹೆಸರಿನ ಬಿಯರ್ ಎರಡು ಯಾಕಿವೆ ಅಂತ ಒಬ್ಬರು ಕೇಳಿದ್ದಾರೆ. ಚೆಕ್ ನಾಡಿನ ಚೆಸ್ಕೆ ಬುಡೆಯೋವಿತ್ಸೆ ಊರನ್ನು ಜರ್ಮನ್ನರು ಬುಡ್ವೈಸ್ ಅಂತ ಕರೆಯುತ್ತಿದ್ದರು. ಬಡ್ವೈಸರ್ ಅಂದರೆ 'ಬುಡ್ವೈಸ್ ಊರಿನದು' ಅಷ್ಟೇ. ಅಮೆರಿಕದ ಕಂಪನಿ 1876ರಲ್ಲಿ ಈ ಹೆಸರಿನ ಬಿಯರ್ ತಂದಿತು. ಅದೇ ಊರಿನ ಬುಡ್ವಾರ್ ಬ್ರೂವರಿ ಶುರುವಾಗಿದ್ದು 1895ರಲ್ಲಿ. ಊರು ನಮ್ಮದು ಅಂತ ಇವರು, ಮೊದಲು ಬಳಸಿದ್ದು ನಾವು ಅಂತ ಅವರು. ಕೋರ್ಟು ಕಚೇರಿ ಅಲೆದಾಟ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಚೆಕ್ ಬಿಯರ್ ಚೆಕ್ವಾರ್ ಅಂತ ಹೆಸರು ಬದಲಿಸಿಕೊಂಡರೆ, ಯುರೋಪಿನ ಹಲವು ಕಡೆ ಅಮೆರಿಕದ್ದು ಬರೀ ಬಡ್.

ಇನ್ನು ಬಾಟಲಿ ಯಾಕೆ ಕಂದು? ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ಒಮ್ಮೆ ಹಸಿರು ಬಾಟಲಿಯ ಬಿಯರನ್ನು ಕಿಟಕಿ ಪಕ್ಕ ಬಿಸಿಲಲ್ಲಿ ಮರೆತಿದ್ದೆ. ಮುಚ್ಚಳ ತೆಗೆದರೆ ಗಪ್ಪನೆ ನಾತ! ಹಾಪ್ಸ್‌ನ ಕಹಿ ಅಂಶಕ್ಕೆ ಬೆಳಕು ತಾಗಿದರೆ ಗಂಧಕ ಸೇರಿದ ಒಂದು ವಸ್ತು ಹುಟ್ಟುತ್ತದೆ. ಸ್ಕಂಕ್ ಪ್ರಾಣಿಯ ದುರ್ವಾಸನೆಗೆ ಅದು ಹತ್ತಿರದ ನೆಂಟ. ಕಂದು ಗಾಜು ಆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಅಷ್ಟಕ್ಕಷ್ಟೇ. ಬಿಸಿಲಲ್ಲಿ ಕೂತರೆ ಲೋಟದಲ್ಲಿರುವ ಬಿಯರ್ ಕೂಡ ನಿಮಿಷಗಳಲ್ಲೇ ನಾರಲು ಶುರು ಮಾಡಬಹುದು.

ಕಪ್ಪು ಬಿಯರ್ ಜಾಸ್ತಿ ಕಿಕ್ ಅಲ್ವಾ? ಅಲ್ಲ. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಐರ್ಲೆಂಡಿನ ಕಪ್ಪು ಬಿಯರ್ ಗಿನ್ನೆಸ್ ಡ್ರಾಟ್‌ನಲ್ಲಿ ಆಲ್ಕೋಹಾಲ್ ಶೇ. 4.2ರಷ್ಟು, ಎಷ್ಟೋ ಹಳದಿ ಲಾಗರ್‌ಗಿಂತ ಕಡಿಮೆ. ಸುರಿದ ಮೇಲೆ ಒಂದು ನಿಮಿಷ ಕುಡಿಯಬೇಡಿ, ಸುಮ್ನೆ ನೋಡಿ. ಗುಳ್ಳೆಗಳು ಕೆಳಕ್ಕೆ ಇಳಿಯುತ್ತಿರುವಂತೆ ಕಾಣುತ್ತದೆ. ಲೋಟದ ನಡುವೆ ಗುಳ್ಳೆಗಳು ಬಿಯರನ್ನು ಎಳೆದುಕೊಂಡು ಮೇಲೇರುತ್ತವೆ. ಆ ಬಿಯರ್ ಗಾಜಿನ ಅಂಚಿನಲ್ಲಿ ಕೆಳಗೆ ಬರುವಾಗ ಅಲ್ಲಿನ ಪುಟಾಣಿ ನೈಟ್ರೋಜನ್ ಗುಳ್ಳೆಗಳನ್ನೂ ಎಳೆದು ತರುತ್ತದೆ. ಕ್ಯಾನ್‌ನಲ್ಲಿ ಈ ನೊರೆ ಬರಿಸಲು ಒಂದು ಪ್ಲಾಸ್ಟಿಕ್ ಚೆಂಡು ಹಾಕಿರುತ್ತಾರೆ. ಖಾಲಿಯಾದ ಮೇಲೆ ಒಳಗೆ ಲೊಡಲೊಡ ಅನ್ನುವುದು ಅದೇ. ಏನೋ ಬಿದ್ದಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.